26 ಎಂದು ಬರೆದಿದ್ದರು, 112 ಆಗಿತ್ತು

ಬಿಗ್‌ಮೌತ್ ಬಫಲೋ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಮಿಸಿಸಿಪಿ ನದಿಯ ಜಲಾನಯನ ಮತ್ತು ಹಡ್ಸನ್ ಕೊಲ್ಲಿಗೆ ಹರಿಯುವ ನೀರುಗಳು ಅದರ ಮೂಲ ನೆಲೆ. ನೋಡಲು ನಮ್ಮ ಕಾಟ್ಲಾದ ನೆಂಟನಂತೆ ಕಂಡರೂ ಕುಲ ಬೇರೆ. ಅದು ಹೆಚ್ಚೆಂದರೆ 26 ವರ್ಷ ಬದುಕುತ್ತದೆ ಎಂದು 2019ಕ್ಕೆ ಮುಂಚಿನ ದಾಖಲೆಗಳು ಹೇಳುತ್ತಿದ್ದವು. ಆ ವರ್ಷ ಅಲೆಕ್ ಲಾಕ್‌ಮನ್ ಮತ್ತು ಸಂಗಡಿಗರು 386 ಮೀನುಗಳನ್ನು ಪರೀಕ್ಷಿಸಿ ಪ್ರಕಟಿಸಿದ ಗರಿಷ್ಠ ವಯಸ್ಸು 112. ಹಳೆಯ ಅಂಕಿಯ 4.3 ಪಟ್ಟು. ಅಸ್ಥಿಮೀನುಗಳಲ್ಲಿ ಸಿಹಿನೀರಿನವು ಸುಮಾರು 12,000 ಜಾತಿ ಇವೆ. ಅಷ್ಟರಲ್ಲಿ ಇಷ್ಟು ವಯಸ್ಸಿನ ಮೀನು ಅದುವರೆಗೆ ಗೊತ್ತಿರಲಿಲ್ಲ.

ಮೀನು 26 ವರ್ಷ ಬದುಕಿದರೇನು, 112 ಬದುಕಿದರೇನು ಎಂದು ಕೇಳಬಹುದು. ಉತ್ತರ ಲೆಕ್ಕದಲ್ಲಿದೆ. ಗರಿಷ್ಠ ಆಯುಸ್ಸಿನಿಂದ ವಾರ್ಷಿಕ ಸಾವಿನ ದರವನ್ನು ಅಂದಾಜಿಸುವ ಒಂದು ಸೂತ್ರವನ್ನು ಜಾನ್ ಹೋನಿಗ್ 1983ರಲ್ಲಿ ಕೊಟ್ಟರು. ಹೆಚ್ಚು ಬೇಟೆಗೆ ಸಿಗದ ಮೀನುಗಳಿಗೆ ಅದು ಹೊಂದುತ್ತದೆ. 26 ಹಾಕಿದರೆ ದರ 0.16 ಬರುತ್ತದೆ, ಅಂದರೆ 1000 ಮೀನುಗಳಲ್ಲಿ ವರ್ಷಕ್ಕೆ 148 ತಾವಾಗಿಯೇ ಸಾಯುತ್ತವೆ. 112 ಹಾಕಿದರೆ ದರ 0.037ಕ್ಕೆ ಇಳಿಯುತ್ತದೆ, ಸಾಯುವವು 36. ಹತ್ತು ವರ್ಷ ಕಳೆದ ಮೇಲೆ ಮೊದಲ ಲೆಕ್ಕದಲ್ಲಿ 201 ಮೀನು ಉಳಿದರೆ ಎರಡನೆಯದರಲ್ಲಿ 693.

ಮೀನುಗಾರಿಕೆ ಇಲಾಖೆಯ ಮೇಜಿನ ಮೇಲೆ ಈ ಎರಡು ಅಂಕಿಗಳು ಎರಡು ಬೇರೆ ಆಡಳಿತಗಳನ್ನೇ ಹುಟ್ಟಿಸುತ್ತವೆ. ವರ್ಷಕ್ಕೆ 148 ಹೇಗೂ ಸಾಯುತ್ತವೆ ಎಂದು ನಂಬಿದವನಿಗೆ 100 ಹಿಡಿಯಲು ಅನುಮತಿ ಕೊಡುವುದು ಉದಾರತನವೇ ಅಲ್ಲ, ಮಿತವ್ಯಯ. 36 ಮಾತ್ರ ಸಾಯುವ ಮೀನಿನಲ್ಲಿ ಅದೇ ಶೇ 10ರ ಹಿಡಿತ ನಡೆದು, ಹೊಸ ಮರಿ ಸೇರದೆ ಹೋದರೆ 10 ವರ್ಷಕ್ಕೆ 242 ಉಳಿಯುತ್ತವೆ, 20 ವರ್ಷಕ್ಕೆ 58.

ಮೀನಿನ ವಯಸ್ಸನ್ನು ತಿಳಿಯಲು ಎರಡು ದಾರಿಗಳಿವೆ. ಒಂದು, ದೇಹದ ಗಟ್ಟಿ ಭಾಗಗಳಲ್ಲಿ ವರ್ಷವರ್ಷವೂ ಬೀಳುವ ಉಂಗುರಗಳನ್ನು ಎಣಿಸುವುದು. ಇನ್ನೊಂದು, ಸಾವಿರಾರು ಮೀನುಗಳ ಉದ್ದ ಅಳೆದು, ಆ ಉದ್ದಗಳ ಹಂಚಿಕೆಯಿಂದ ವಯಸ್ಸನ್ನು ಊಹಿಸುವುದು. ಮೊದಲನೆಯದು ಹಳೆಯದು. ಸ್ವೀಡನ್ನಿನ ಪಾದ್ರಿ ಹಾನ್ಸ್ ಹೆಡರ್‌ಸ್ಟ್ರೋಮ್ 1759ರಲ್ಲೇ ಪೈಕ್ ಮೀನಿನ ಬೆನ್ನುಮೂಳೆಯ ಉಂಗುರಗಳನ್ನು ಎಣಿಸಿದ್ದ. 1898ರಲ್ಲಿ ಹಾಫ್‌ಬಾವರ್ ಕಾರ್ಪ್ ಮೀನಿನ ಹುರುಪೆಗೆ ಕೈಹಾಕಿದ. ಮರುವರ್ಷ ರೈಬಿಷ್ ಕಿವಿಗಲ್ಲನ್ನು ಓದಿದ. ಉದ್ದದ ಹಂಚಿಕೆಯ ದಾರಿಯನ್ನು ಡೆನ್ಮಾರ್ಕಿನ ಪೀಟರ್ಸನ್ 1890ರ ದಶಕದ ಆರಂಭದಲ್ಲಿ ತೆರೆದ.

ಎರಡನೆಯ ದಾರಿ ಅಗ್ಗ. ಅಳತೆಪಟ್ಟಿ, ನೋಟ್‌ಬುಕ್, ಬೆಳಗಿನ ಜಾವ ಬಲೆ ದಡಕ್ಕೆ ಬರುವ ಹೊತ್ತಿಗೆ ಅಲ್ಲಿರುವ ತಾಳ್ಮೆ, ಇಷ್ಟು ಸಾಕು. ಮೀನನ್ನು ಕೊಯ್ಯಬೇಕಾಗಿಲ್ಲ, ಮಾರುವವನಿಗೆ ನಷ್ಟವೂ ಇಲ್ಲ. ಆದರೆ ಅಗ್ಗದ ದಾರಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಅಂಕಿಯೇ ಹೇಳಲಿ. ಮೀನಿನ ಬೆಳವಣಿಗೆಗೆ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ಬರ್ಟಲನ್‌ಫಿ 1938ರಲ್ಲಿ ಪ್ರಕಟಿಸಿದ ಸಮೀಕರಣ. ಅದರಲ್ಲಿ ಮುಖ್ಯವಾದವು ಎರಡು: ಮೀನು ಸರಾಸರಿಯಾಗಿ ತಲುಪಬಹುದಾದ ಕೊನೆಯ ಉದ್ದ, ಮತ್ತು ಆ ಉದ್ದದತ್ತ ಅದು ಎಷ್ಟು ಬೇಗ ಸಾಗುತ್ತದೆ ಎಂಬ ದರ. ಲೆಕ್ಕಕ್ಕೆಂದು ಒಂದು ಮೀನನ್ನು ಕಲ್ಪಿಸಿಕೊಳ್ಳೋಣ. ಕೊನೆಯ ಉದ್ದ 100 ಸೆಂ.ಮೀ., ದರ 0.2. ಅದು 1 ವರ್ಷಕ್ಕೆ 18 ಸೆಂ.ಮೀ., 2ಕ್ಕೆ 33, 3ಕ್ಕೆ 45, 5ಕ್ಕೆ 63, 10ಕ್ಕೆ 86.5, 20ಕ್ಕೆ 98.2 ಆಗುತ್ತದೆ. 40ನೇ ವರ್ಷಕ್ಕೆ ಬರುವಾಗ 99.97.

ಮೊದಲ ವರ್ಷಗಳಲ್ಲಿ ಒಂದೊಂದು ವರ್ಷಕ್ಕೂ 12ರಿಂದ 18 ಸೆಂ.ಮೀ. ಅಂತರ. ಆ ಹಂತದಲ್ಲಿ ಉದ್ದ ನೋಡಿ ವಯಸ್ಸು ಹೇಳಬಹುದು, ಹೆಚ್ಚು ತಪ್ಪಾಗದು. 20ರಿಂದ 40ರವರೆಗಿನ ಇಡೀ ಇಪ್ಪತ್ತು ವರ್ಷಕ್ಕೆ ಸಿಗುವ ಅಂತರ 1.8 ಸೆಂ.ಮೀ. ಒಂದೇ ದಿನ ಮೊಟ್ಟೆಯೊಡೆದ ಎರಡು ಮೀನುಗಳ ನಡುವೆ ಇದಕ್ಕಿಂತ ಹೆಚ್ಚು ವ್ಯತ್ಯಾಸ ಇರುತ್ತದೆ. ಹಾಗಾಗಿ ದೊಡ್ಡ ಮೀನುಗಳ ರಾಶಿಯನ್ನು ಅಳೆಯುತ್ತಾ ಕೂತವನ ಕೈಯಲ್ಲಿ ಇಪ್ಪತ್ತರ ಮೀನೂ ನಲವತ್ತರ ಮೀನೂ ಒಂದೇ ಸಾಲಿಗೆ ಬೀಳುತ್ತವೆ. ನೂರು ವರ್ಷದ್ದಿದ್ದರೆ ಅದೂ ಅಲ್ಲಿಗೇ.

ಮೂರ್ನಾಲ್ಕು ವರ್ಷ ಬದುಕಿ ಬಲೆಗೆ ಬೀಳುವ ಮೀನುಗಳಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಭಾರತದ ಜಲಾಶಯಗಳಲ್ಲಿ ಉದ್ದದ ಹಂಚಿಕೆಯ ವಿಧಾನ ಇಷ್ಟು ಚಾಲ್ತಿಗೆ ಬಂದದ್ದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ ಹವಾಮಾನ. ಬಿಗ್‌ಮೌತ್ ಬಫಲೋ ಬದುಕುವ ಮಿನೆಸೋಟದಲ್ಲಿ ಕೆರೆ ತಿಂಗಳುಗಟ್ಟಲೆ ಹೆಪ್ಪುಗಟ್ಟುತ್ತದೆ, ಮೀನಿನ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ, ಗಟ್ಟಿ ಭಾಗದಲ್ಲಿ ಸ್ಪಷ್ಟವಾದ ಗೆರೆ ಬೀಳುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲ. ಮಳೆಗಾಲದ ನೆರೆ, ಬೇಸಿಗೆಯಲ್ಲಿ ಇಳಿಯುವ ನೀರು, ಮೊಟ್ಟೆ ಇಡುವ ಕಾಲದ ದಣಿವು ಇವೆಲ್ಲ ಗೆರೆ ಹಾಕಬಲ್ಲವು. ಒಂದೇ ವರ್ಷದಲ್ಲಿ ಎರಡು ಗೆರೆ ಬಿದ್ದರೂ ಅಚ್ಚರಿಯಿಲ್ಲ. ಗೆರೆ ವರ್ಷಕ್ಕೊಂದೇ ಎಂದು ರುಜುವಾತಾಗದೆ ಎಣಿಸಿದ ಸಂಖ್ಯೆ ಬರೀ ಗೆರೆಗಳ ಸಂಖ್ಯೆ.

ಬಿಸಿ ನೀರು ಇನ್ನೊಂದು ಅಂಕಿಯನ್ನೂ ಬದಲಿಸುತ್ತದೆ. ಡೇನಿಯಲ್ ಪಾಲಿ 1980ರಲ್ಲಿ 175 ಮೀನುಸಮೂಹಗಳ ಮಾಹಿತಿ ಸೇರಿಸಿ, ಉದ್ದ, ಬೆಳವಣಿಗೆ ದರ ಮತ್ತು ನೀರಿನ ಸರಾಸರಿ ಉಷ್ಣತೆಯಿಂದ ಸಾವಿನ ದರ ಅಂದಾಜಿಸುವ ಸೂತ್ರ ಕೊಟ್ಟರು. ನಮ್ಮ ಕಾಲ್ಪನಿಕ ಮೀನನ್ನೇ 27 ಡಿಗ್ರಿ ನೀರಿನಲ್ಲಿ ಬಿಟ್ಟರೆ ದರ 0.44, 10 ಡಿಗ್ರಿಯಲ್ಲಿ 0.28. ಒಂದು ವರ್ಷಕ್ಕೆ ಬೆಚ್ಚನೆಯ ನೀರಿನಲ್ಲಿ ಸಾವಿರಕ್ಕೆ 645 ಉಳಿಯುತ್ತವೆ, ತಣ್ಣೀರಿನಲ್ಲಿ 759. ಮಿನೆಸೋಟದ ಅಂಕಿಯನ್ನು ತಂದು ತುಂಗಭದ್ರಾ ಜಲಾಶಯಕ್ಕೆ ಅಂಟಿಸುವ ಹಾಗಿಲ್ಲ ಎಂಬುದಕ್ಕೆ ಇಷ್ಟು ಸಾಕು. (ಇದೇ ಮೀನಿಗೆ ಹೋನಿಗ್ ಸೂತ್ರ ಬೇರೆ ಉತ್ತರ ಕೊಡಬಹುದು. ಸೂತ್ರಗಳು ಒಂದಕ್ಕೊಂದು ಒಪ್ಪಿಕೊಳ್ಳುವುದು ಅಪರೂಪ. ವರದಿ ಬರೆಯುವವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುವುದು ಅಷ್ಟು ಅಪರೂಪವಲ್ಲ.)

ಹುರುಪೆಯ ವಿಷಯಕ್ಕೆ ಬರೋಣ. ಹುರುಪೆ ತೆಗೆಯಲು ಮೀನನ್ನು ಕೊಲ್ಲಬೇಕಿಲ್ಲ. ಚಿಮಟದಿಂದ ನಾಲ್ಕಾರು ಕಿತ್ತು ಲಕೋಟೆಗೆ ಹಾಕಿ ಮೀನನ್ನು ನೀರಿಗೆ ಬಿಟ್ಟರಾಯಿತು; ಕಿತ್ತ ಜಾಗದಲ್ಲಿ ಹೊಸ ಹುರುಪೆ ಬರುತ್ತದೆ. ವಯಸ್ಸಲ್ಲದೆ ಹಿಂದಿನ ಬೆಳವಣಿಗೆಯೂ ಅದರಲ್ಲಿ ಸಿಗುತ್ತದೆ. 40 ಸೆಂ.ಮೀ. ಮೀನಿನ ಹುರುಪೆಯ ತ್ರಿಜ್ಯ 8 ಮಿ.ಮೀ., ಅದರ ಮೊದಲ ಉಂಗುರ 3 ಮಿ.ಮೀ. ದೂರದಲ್ಲಿದೆ ಎಂದುಕೊಂಡರೆ, ನೇರ ಅನುಪಾತದಲ್ಲಿ ಮೊದಲ ವರ್ಷದ ಉದ್ದ 15 ಸೆಂ.ಮೀ. ಮೀನುಮರಿಗೆ ಹುರುಪೆ ಮೂಡುವ ಹೊತ್ತಿಗೆ ಅದು ಆಗಲೇ 2.5 ಸೆಂ.ಮೀ. ಬೆಳೆದಿತ್ತು ಎಂದು ತಿದ್ದಿಕೊಂಡರೆ 16.6. ಒಂದೂವರೆ ಸೆಂ.ಮೀ. ವ್ಯತ್ಯಾಸ, ಶೇ 10. ಈ ತಿದ್ದುಪಡಿ ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಮುದಿ ಮೀನುಗಳ ಹುರುಪೆಯಿಂದ ಲೆಕ್ಕ ಹಾಕಿದ ಮೊದಲ ವರ್ಷದ ಉದ್ದ, ಎಳೆಯ ಮೀನುಗಳಿಂದ ಲೆಕ್ಕ ಹಾಕಿದ್ದಕ್ಕಿಂತ ಕಡಿಮೆ ಬರುವುದುಂಟು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ರೋಸಾ ಲೀ ಗುರುತಿಸಿದ ಇದಕ್ಕೆ ಅವರ ಹೆಸರೇ ನಿಂತಿದೆ. ಬೇಗ ಬೆಳೆದ ಮೀನು ಬೇಗ ಬಲೆಗೆ ಬೀಳುತ್ತದೆ, ನಿಧಾನವಾಗಿ ಬೆಳೆದದ್ದು ಮುದಿಯಾಗುವ ತನಕ ಉಳಿಯುತ್ತದೆ ಎಂಬುದು ಒಂದು ವಿವರಣೆ.

ಹುರುಪೆಯ ನಿಜವಾದ ದೋಷ ಇದಲ್ಲ. ಮೀನು ಬೆಳೆಯುವುದು ನಿಂತರೆ ಹುರುಪೆಯೂ ನಿಲ್ಲುತ್ತದೆ. ಅಂಚಿನಲ್ಲಿ ಗೆರೆಗಳು ಒಂದರ ಮೇಲೊಂದು ಅಡರಿ ಕಾಣದಾಗುತ್ತವೆ. ಹಸಿವಿನ ಕಾಲದಲ್ಲಿ ದೇಹ ಹುರುಪೆಯ ಅಂಚನ್ನೇ ಕರಗಿಸಿ ಸುಣ್ಣಾಂಶವನ್ನು ಹಿಂದಕ್ಕೆ ಪಡೆಯುವುದೂ ಉಂಟು. ಕಿವಿಗಲ್ಲು ಹಾಗಲ್ಲ. ಒಳಕಿವಿಯಲ್ಲಿರುವ ಈ ಸುಣ್ಣದ ಹರಳು ಮೀನು ಬೆಳೆಯದಿದ್ದರೂ ಪದರ ಕಟ್ಟುತ್ತಲೇ ಇರುತ್ತದೆ, ಕಟ್ಟಿದ್ದನ್ನು ದೇಹ ವಾಪಸು ಕೇಳುವುದಿಲ್ಲ. ಜಾರ್ಜಿಯೊ ಪನೆಲ್ಲಾ 1971ರಲ್ಲಿ ಇದರಲ್ಲಿ ದಿನಕ್ಕೊಂದರಂತೆ ಬೀಳುವ ಪದರಗಳನ್ನೂ ಗುರುತಿಸಿದರು. ತಿಂಗಳು ತುಂಬದ ಮರಿಯ ವಯಸ್ಸನ್ನು ದಿನದ ಲೆಕ್ಕದಲ್ಲಿ ಹೇಳಲು ಅಂದಿನಿಂದ ಸಾಧ್ಯವಾಯಿತು. 1999ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 8 ಲಕ್ಷಕ್ಕೂ ಹೆಚ್ಚು ಕಿವಿಗಲ್ಲುಗಳನ್ನು ಓದಲಾಯಿತು ಎಂಬುದು ಸ್ಟೀವನ್ ಕಂಪಾನಾ ಮತ್ತು ಸೈಮನ್ ಥೊರಾಲ್ಡ್ ಕೊಟ್ಟ ಅಂದಾಜು.

ಅದರ ಬೆಲೆ ಮೀನಿನ ಜೀವ. ಕಿವಿಗಲ್ಲು ತಲೆಯೊಳಗೆ, ಮಿದುಳಿನ ಕೆಳಗೆ ಇರುತ್ತದೆ. ತಲೆ ಸೀಳದೆ ಕೈಗೆ ಬಾರದು. ಮೂರು ಜೊತೆ ಕಲ್ಲುಗಳಲ್ಲಿ ಬೇರೆ ಮೀನುಗಳಿಗೆ ಸಾಮಾನ್ಯವಾಗಿ ಬಳಸುವ ದೊಡ್ಡ ಕಲ್ಲು ಕಾರ್ಪ್ ಬಳಗದಲ್ಲಿ ಕಡ್ಡಿಯಂತೆ ಸಣಕಲಾಗಿರುವುದರಿಂದ ಇನ್ನೊಂದನ್ನು ಆರಿಸಬೇಕು. ಆಮೇಲೆ ಅದನ್ನು ಅಂಟಿನಲ್ಲಿ ಹುದುಗಿಸಿ, ವಜ್ರದ ಗರಗಸದಿಂದ ಅರ್ಧ ಮಿ.ಮೀ. ಆಸುಪಾಸಿನ ಪಾಪಡಿಯಾಗಿ ಕೊಯ್ದು, ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸಬೇಕು. ಒಬ್ಬರು ಎಣಿಸಿದರೆ ಸಾಲದು. ಇಬ್ಬರ ಎಣಿಕೆಗಳ ಪ್ರಮಾಣಿತ ವಿಚಲನೆ ಅವುಗಳ ಸರಾಸರಿಯ ಶೇ 5ರೊಳಗಿದ್ದರೆ ಒಪ್ಪಬಹುದೆಂಬ ರೂಢಿಯಿದೆ. ಈ ಶೇ 5 ಮೇಲ್ನೋಟಕ್ಕೆ ಕಟ್ಟುನಿಟ್ಟು. ಆದರೆ ಒಬ್ಬರು 10, ಇನ್ನೊಬ್ಬರು 11 ಎಂದರೆ ಅದು ಶೇ 6.7, ನಪಾಸು. ಒಬ್ಬರು 100, ಇನ್ನೊಬ್ಬರು 105 ಎಂದರೆ ಶೇ 3.4, ಪಾಸು. ಒಂದು ವರ್ಷದ ಭಿನ್ನಮತ ಬಿದ್ದುಹೋಗುತ್ತದೆ, ಐದು ವರ್ಷದ್ದು ದಾಟಿಹೋಗುತ್ತದೆ.

ಇಬ್ಬರೂ ಒಪ್ಪಿದ ಮಾತ್ರಕ್ಕೆ ಸಂಖ್ಯೆ ಸರಿ ಎಂದೂ ಆಗಲಿಲ್ಲ. ಒಂದೇ ತಪ್ಪನ್ನು ಇಬ್ಬರೂ ಮಾಡಬಹುದು. ಬೀಮಿಷ್ ಮತ್ತು ಮೆಕ್‌ಫಾರ್ಲೇನ್ 1983ರಲ್ಲಿ 500 ಅಧ್ಯಯನಗಳನ್ನು ತೆಗೆದು ನೋಡಿದಾಗ, ಎಲ್ಲ ವಯೋಮಾನಗಳಿಗೂ ಎಣಿಕೆ ಸರಿಯೆಂದು ರುಜುವಾತು ಮಾಡಿದ್ದವು ಶೇ 3ರ ಆಸುಪಾಸು ಮಾತ್ರ. ಅಂದರೆ 15ರಷ್ಟು. ಉಳಿದ 485ರ ಅಂಕಿಗಳ ಮೇಲೂ ಬಲೆಯ ಕಣ್ಣಿನ ಅಳತೆ, ಹಿಡಿತದ ಮಿತಿ, ನಿಷೇಧದ ತಿಂಗಳುಗಳು ನಿಂತಿರಬಹುದಲ್ಲ ಎಂದು ನೆನೆದರೆ ಕಸಿವಿಸಿಯಾಗುತ್ತದೆ.

ಬಿಗ್‌ಮೌತ್ ಬಫಲೋಗೆ ರುಜುವಾತು ಒದಗಿಸಿದ್ದು ಅಣುಬಾಂಬು. 1950 ಮತ್ತು 60ರ ದಶಕದ ಬಯಲು ಪರೀಕ್ಷೆಗಳು ವಾತಾವರಣದ ಕಾರ್ಬನ್-14 ಅನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿದವು. 1963ರ ಪರೀಕ್ಷಾ ನಿಷೇಧ ಒಪ್ಪಂದದ ನಂತರ ಅದು ನಿಧಾನಕ್ಕೆ ಇಳಿಯಿತು. ಆ ಏರಿಳಿತ ಗಾಳಿಯಿಂದ ಕೆರೆಗೆ, ಕೆರೆಯಿಂದ ಮೀನಿನ ಕಿವಿಗಲ್ಲಿಗೆ ಇಳಿದಿದೆ. ಕಲ್ಲಿನ ನಡುಭಾಗ ಮೀನು ಮರಿಯಾಗಿದ್ದಾಗಿನದು. ಅದನ್ನು ಮಾತ್ರ ಕೊರೆದು ತೆಗೆದು ಅಳೆದರೆ, ಬಾಂಬಿನ ಕಾರ್ಬನ್ ಇಲ್ಲದಿದ್ದಲ್ಲಿ ಮೀನು 1950ರ ದಶಕದ ನಡುವಿಗೆ ಮುಂಚೆಯೇ ಹುಟ್ಟಿದೆ ಎಂದಾಯಿತು. ಉಂಗುರ ಎಣಿಸಿ ಹೇಳಿದ ಹುಟ್ಟಿದ ವರ್ಷ ಅದಕ್ಕೆ ತಾಳೆಯಾದರೆ ಎಣಿಕೆ ಸರಿ. ತಾಳೆಯಾಯಿತು.

ಇನ್ನೊಂದು ತಾಳೆ ಅರಿಝೋನದಿಂದ ಬಂತು. ಅಲ್ಲಿನ ರೂಸ್‌ವೆಲ್ಟ್ ಜಲಾಶಯಕ್ಕೆ 1918ರಲ್ಲಿ ಸರ್ಕಾರವೇ ಬಫಲೋ ಮೀನುಗಳನ್ನು ತಂದು ಬಿಟ್ಟಿತ್ತು. ಅದರ ಕೆಳಗಿನ ಅಪಾಚೆ ಜಲಾಶಯದಲ್ಲಿ ಸಿಕ್ಕ ಈ ಬಳಗದ ಮೂರು ಜಾತಿಗಳಲ್ಲೂ ನೂರು ದಾಟಿದ ಮೀನುಗಳಿದ್ದವೆಂದು 2023ರಲ್ಲಿ ಪ್ರಕಟವಾಯಿತು. ಬಿಟ್ಟ ವರ್ಷ ಸರ್ಕಾರಿ ದಾಖಲೆಯಲ್ಲಿ ಇದ್ದೇ ಇತ್ತು. ಬಿತ್ತನೆ ಮರಿ ಬಿಟ್ಟ ದಿನಾಂಕವನ್ನು ಜೋಪಾನವಾಗಿ ಬರೆದಿಡುವ ಗುಮಾಸ್ತನಿಗೆ ವಿಜ್ಞಾನದಲ್ಲಿ ಇಷ್ಟು ಬೆಲೆಯಿದೆ.

ಇನ್ನು ಎಷ್ಟು ಮೀನು ಬೇಕು ಎಂಬ ಪ್ರಶ್ನೆ. ನೂರರಲ್ಲಿ ಒಂದು ಮೀನು ಅತಿ ಹಿರಿಯದು ಎಂದಿಟ್ಟುಕೊಳ್ಳಿ. 100 ಮೀನು ಕೊಯ್ದರೂ ಅಂಥ ಒಂದೂ ಸಿಗದೆ ಹೋಗುವ ಸಂಭವ ಶೇ 37. 300 ಕೊಯ್ದರೆ ಶೇ 5. ಲಾಕ್‌ಮನ್ ತಂಡದ 386ಕ್ಕೆ ಶೇ 2. ನೂರು ಮೀನಿನ ಮಾದರಿ ಇಟ್ಟುಕೊಂಡು ಗರಿಷ್ಠ ಆಯುಸ್ಸು ಇಂತಿಷ್ಟೆಂದು ಬರೆಯುವವರು ಮೂರರಲ್ಲಿ ಒಂದಕ್ಕಿಂತ ಹೆಚ್ಚಿನ ಸಂಭವದೊಡನೆ ಜೂಜಾಡುತ್ತಿರುತ್ತಾರೆ. ಸಂಖ್ಯೆ ಕ್ಷೀಣಿಸುತ್ತಿರುವ ಜಾತಿಯಲ್ಲಿ 300 ಕೊಲ್ಲಿ ಎನ್ನುವುದು ಹೇಗೆ? ಮಿನೆಸೋಟದಲ್ಲಿ ಈ ಸಂಕಟ ಸ್ವಲ್ಪ ಕಡಿಮೆಯಿತ್ತು. ರಾತ್ರಿ ದೋಣಿಯಲ್ಲಿ ಪ್ರಖರ ದೀಪ ಕಟ್ಟಿಕೊಂಡು ಬಿಲ್ಲಿನಿಂದ ಮೀನು ಹೊಡೆಯುವುದು ಅಲ್ಲಿ ಲಕ್ಷಾಂತರ ಡಾಲರ್ ವಹಿವಾಟಿನ ಮೋಜು. ಹೊಡೆದ ಮೀನುಗಳ ತಲೆ ಸಂಶೋಧಕರಿಗೆ ದಕ್ಕಿತು.

ಆ ತಲೆಗಳು ಹೇಳಿದ್ದು 112ಕ್ಕಿಂತ ದೊಡ್ಡ ಸಂಗತಿ. ಹಲವು ಕೆರೆಗಳಲ್ಲಿ ಶೇ 85ರಿಂದ 90ರಷ್ಟು ಮೀನುಗಳು 80 ವರ್ಷ ದಾಟಿದ್ದವು. ಹೋನಿಗ್ ಸೂತ್ರದ 0.037 ದರದಲ್ಲಿ, ವರ್ಷವರ್ಷವೂ ಮರಿಗಳು ಸೇರುತ್ತಿರುವ ಆರೋಗ್ಯವಂತ ಸಮೂಹದಲ್ಲಿ 80 ದಾಟಿದವು ಶೇ 5ರಷ್ಟಿರಬೇಕು. ಅದು ಒರಟು ಲೆಕ್ಕವೇ ಸರಿ. ಆದರೂ 5 ಎಲ್ಲಿ, 85 ಎಲ್ಲಿ. 1930ರ ದಶಕದಲ್ಲಿ ಅಣೆಕಟ್ಟುಗಳು ಎದ್ದಂದಿನಿಂದ ಹೊಸ ಪೀಳಿಗೆ ಬಲಿತೇ ಇಲ್ಲ ಎಂಬುದು ಸಂಶೋಧಕರ ಅನುಮಾನ. ಮಿನೆಸೋಟದ ರೈಸ್ ಲೇಕ್ ವನ್ಯಧಾಮದಿಂದ 2024ರಲ್ಲಿ ಬಂದ ಅಂಕಿ ಇನ್ನೂ ಬಿಗಿ. ಪರೀಕ್ಷಿಸಿದ 390 ಮೀನುಗಳಲ್ಲಿ 389 ಹುಟ್ಟಿದ್ದು 1972ಕ್ಕೆ ಮುಂಚೆ; ಮಧ್ಯಾಂಕ ವಯಸ್ಸು 79. ಅವು ಪ್ರತಿ ವರ್ಷ ಮೊಟ್ಟೆ ಇಡುತ್ತವೆ. ಮರಿಗಳು ದೊಡ್ಡವಾಗುವುದಿಲ್ಲ.

ಹೀಗಿದ್ದೂ ಕೆರೆ ತುಂಬಿದಂತೆ ಕಾಣುತ್ತದೆ, ಮೋಸ ಇರುವುದು ಅಲ್ಲೇ. ವರ್ಷಕ್ಕೆ ಸಾವಿರಕ್ಕೆ 36 ಸಾಯುವ ಮೀನಿನಲ್ಲಿ 60 ವರ್ಷ ಒಂದು ಮರಿಯೂ ಸೇರದಿದ್ದರೂ 111 ಉಳಿದಿರುತ್ತವೆ, ಎಲ್ಲವೂ ದೊಡ್ಡ ದೊಡ್ಡವು. 26ರ ಲೆಕ್ಕ ನಂಬಿದವನಿಗೆ ಈ ದೊಡ್ಡ ಮೀನುಗಳು ಕೆರೆ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿ: ದರ 0.16 ಆಗಿದ್ದರೆ 60 ವರ್ಷದಲ್ಲಿ ಒಂದೂ ಉಳಿಯುತ್ತಿರಲಿಲ್ಲ, ಉಳಿದಿವೆ ಎಂದ ಮೇಲೆ ಮರಿಗಳು ಬರುತ್ತಲೇ ಇರಬೇಕು. ತರ್ಕದಲ್ಲಿ ಲೋಪವಿಲ್ಲ. ತಪ್ಪಿದ್ದು ಮೊದಲ ಅಂಕಿ.

ಕರ್ನಾಟಕದಲ್ಲಿ ಇಂಥದೇ ಪ್ರಶ್ನೆ ಎದ್ದಿರುವುದು ಕಾವೇರಿಯ ಬಿಳಿಮೀನಿನ ಸುತ್ತ, ಅಂದರೆ ಗೂನುಬೆನ್ನಿನ ಮಹಶೀರ್. 1946ರಲ್ಲಿ ಕಬಿನಿಯಲ್ಲಿ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಗಾಳ ಹಾಕಿ ಹಿಡಿದ 120 ಪೌಂಡಿನ, ಎಂದರೆ 54 ಕೆ.ಜಿ.ಯ ಮೀನಿನ ದಾಖಲೆ ಇವತ್ತಿಗೂ ಮಾತಿನಲ್ಲಿದೆ. ತೂಕ ಗೊತ್ತಿದೆ, ವಯಸ್ಸಿನ ಪ್ರಸ್ತಾಪವಿಲ್ಲ. 2018ರಲ್ಲಿ ಈ ಜಾತಿ ಅಳಿವಿನ ತೀರಾ ಅಂಚಿನಲ್ಲಿರುವವುಗಳ ಜಾಗತಿಕ ಕೆಂಪು ಪಟ್ಟಿಗೆ ಸೇರಿತು. ಇಂಥದರ 300 ತಲೆ ಸೀಳುವ ಪ್ರಶ್ನೆಯೇ ಏಳದು.

ಇರುವ ಅಂಕಿ ಗಾಳದವರದು. ಕಾವೇರಿ ದಡದ ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮಹಶೀರ್‌ಗಳ ದಾಖಲೆಯನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ 2015ರಲ್ಲಿ ವಿಶ್ಲೇಷಿಸಿದರು. 23,620 ಗಂಟೆ ಗಾಳ, 6,161 ಮೀನು. ಭಾಗಿಸಿದರೆ ಒಂದು ಮೀನಿಗೆ 3 ಗಂಟೆ 50 ನಿಮಿಷ. ತೂಕ 0.45 ಕೆ.ಜಿ.ಯಿಂದ 46.8 ಕೆ.ಜಿ.ವರೆಗೆ. ವರ್ಷ ಕಳೆದಂತೆ ಸಿಗುವ ಮೀನುಗಳ ಸಂಖ್ಯೆ ಏರಿತು, ಸರಾಸರಿ ತೂಕ ಇಳಿಯಿತು.

ಮರಿಗಳು ಹೆಚ್ಚಿ ನದಿ ಚೇತರಿಸಿಕೊಂಡರೂ ಸರಾಸರಿ ತೂಕ ಇಳಿಯುತ್ತದೆ. ಹಿರಿಯ ಮೀನುಗಳು ಒಂದೊಂದಾಗಿ ಸತ್ತರೂ ಇಳಿಯುತ್ತದೆ. ಇಲ್ಲಿ ಎರಡೂ ಬೆರೆತಿದ್ದವು. ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್, ಕಡಿಮೆಯಾದದ್ದು ಗೂನುಬೆನ್ನಿನದು. ನೀಲಿ ರೆಕ್ಕೆಯದರ ಮರಿಗಳನ್ನು 1970ರ ದಶಕದಿಂದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿ ಹಲವೆಡೆ ಬಿಡಲಾಗಿತ್ತು.

ಕೊಲ್ಲದೆ ವಯಸ್ಸಿನ ಹತ್ತಿರ ಹೋಗುವ ಒಂದು ಲೆಕ್ಕವಿದೆ. ಹಿಡಿದ ಮೀನಿಗೆ ಗುರುತಿನ ಚೀಟಿ ಹಾಕಿ, ಉದ್ದ ಬರೆದು ಬಿಡುವುದು. ಮತ್ತೆ ಸಿಕ್ಕಾಗ ಅಳೆಯುವುದು. ಫೇಬನ್ಸ್ 1965ರಲ್ಲಿ ಬರ್ಟಲನ್‌ಫಿ ಸಮೀಕರಣವನ್ನು ಇದಕ್ಕೆ ಒಗ್ಗಿಸಿದರು. ನಮ್ಮ 100 ಸೆಂ.ಮೀ., 0.2ರ ಮೀನನ್ನು 60 ಸೆಂ.ಮೀ. ಇದ್ದಾಗ ಬಿಟ್ಟರೆ ವರ್ಷದ ನಂತರ ಅದು 67.3 ಆಗಿರಬೇಕು. 95 ಸೆಂ.ಮೀ. ಇದ್ದಾಗ ಬಿಟ್ಟರೆ 95.9. ಒಂಬತ್ತು ಮಿ.ಮೀ.; ಒದ್ದಾಡುವ ಮೀನನ್ನು ಬಂಡೆಯ ಮೇಲೆ ಹಿಡಿದು ಅಳೆಯುವಾಗ ಅಷ್ಟು ಪಟ್ಟಿಯೇ ಜಾರುತ್ತದೆ. ಹಾಗಾಗಿ ದೊಡ್ಡ ಮೀನಿಗೆ ಒಂದು ವರ್ಷದ ಅಂತರ ಸಾಲದು, ಐದು ಬೇಕು: 95 ಇದ್ದದ್ದು ಆಗ 98.2 ತಲುಪುತ್ತದೆ. ಐದು ವರ್ಷದ ನಂತರವೂ ಅದೇ ಮಡುವಿನಲ್ಲಿ ಅದೇ ಮೀನು ಗಾಳಕ್ಕೆ ಸಿಗಬೇಕು, ಚೀಟಿ ಉದುರಿರಬಾರದು, ಸಿಕ್ಕವರು ಅದನ್ನು ಬರೆದಿಡಬೇಕು.